ಮೌನದ ಬೋಗಿಯಲ್ಲಿ ಕೇಳಿಸಿದ ಕನ್ನಡ

ನಿನ್ನೆ ಇಲ್ಲಿ ಸ್ವೀಡನ್ನಿನಲ್ಲಿ, ಗೋಥೆನ್‌ಬರ್ಗಿನಿಂದ ಸ್ಟಾಕ್‌ಹೋಮಿಗೆ ಬರುವ ರೈಲಿನಲ್ಲಿ, ನನ್ನ ಸೀಟಿನಿಂದ ಎರಡು ಸಾಲು ಮುಂದೆ ಅಚ್ಚ ಕನ್ನಡ ಕೇಳಿಸಿತು. ಉಪ್ಸಾಲಾದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಒಂದು ಕನ್ನಡ ಪದ ಕಿವಿಗೆ ಬಿದ್ದರೆ ನಾನು ಎಷ್ಟು ಹಿಗ್ಗುತ್ತೇನೆಂಬುದು ನಿಮಗೆಲ್ಲ ಗೊತ್ತಿರುವುದೇ. ನಿನ್ನೆ ಮಾತ್ರ ಆ ಹಿಗ್ಗು ಐದು ನಿಮಿಷವೂ ಉಳಿಯಲಿಲ್ಲ. ನಾವು ಕುಳಿತಿದ್ದದ್ದು ಮೌನದ ಬೋಗಿ. ಫೋನಿನಲ್ಲಿ ಮಾತಾಡಬಾರದು, ಪಕ್ಕದವರೊಡನೆಯೂ ಹರಟಬಾರದು ಎಂದು ಗಾಜಿನ ಮೇಲೆ ಚಿತ್ರಸಮೇತ ಅಂಟಿಸಿರುತ್ತಾರೆ. ಆ ಕುಟುಂಬದವರು ದಾವಣಗೆರೆಯಲ್ಲಿರುವ ಅಜ್ಜಿಗೆ ವಿಡಿಯೊ ಕಾಲ್ ಮಾಡಿ, ಕಿಟಕಿಯಾಚೆಯ ಸರೋವರಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಅಜ್ಜಿಗೆ ಕಿವಿ ಮಂದವೆಂದು ಕಾಣುತ್ತದೆ, ಪ್ರತಿಯೊಂದನ್ನೂ ಎರಡೆರಡು ಸಲ ಕೂಗಿ ಹೇಳಬೇಕಾಗುತ್ತಿತ್ತು. ಪಕ್ಕದ ಸಾಲಿನಲ್ಲಿ ಹೆಣಿಗೆ ಹೆಣೆಯುತ್ತಿದ್ದ ಸ್ವೀಡಿಷ್ ವೃದ್ಧೆಯೊಬ್ಬರು ಕಾಲು ಗಂಟೆ ಸಹಿಸಿಕೊಂಡು, ಎದ್ದು ಬಂದು, ಗಾಜಿನ ಮೇಲಿನ ಚಿತ್ರವನ್ನು ಸೂಜಿಯ ತುದಿಯಿಂದ ತೋರಿಸಿ, ಮೆಲ್ಲಗೆ 'ತಾಕ್' ಎಂದು ಧನ್ಯವಾದ ಹೇಳಿ ಮತ್ತೆ ಹೋಗಿ ಕುಳಿತರು.

"ಏನ್ ಜನಾನೋ ಇವ್ರು, ಮಾತಿಲ್ಲ ಕತೆಯಿಲ್ಲ, ದೇಶ ಪೂರ್ತಿ ಸಾವಿನ ಮನೆ ಇದ್ದಂಗೈತೆ" ಎಂದರು ಯಜಮಾನರು.

ಈ ಮಾತನ್ನು ನಾನು ಎಷ್ಟು ಬಾಯಿಂದ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ಮೂರು ದಿನ ಸ್ಟಾಕ್‌ಹೋಮಿನಲ್ಲಿದ್ದು, ಹಳೆಯ ಪಟ್ಟಣ ಗಮ್ಲಾ ಸ್ಟಾನಿನ ಓಣಿಗಳಲ್ಲಿ ಫೋಟೊ ತೆಗೆಸಿಕೊಂಡು, ಊರಿಗೆ ಮರಳುವ ಮೊದಲೇ ಸ್ವೀಡನ್ನಿನವರು ಹೃದಯವಿಲ್ಲದವರೆಂದು ರೀಲ್ಸ್ ಹಾಕುವ ಮಹನೀಯರಿಗೆ ನನ್ನದೊಂದೇ ಪ್ರಶ್ನೆ: ಮಾತಾಡದಿರುವುದು ಒಂದು ಬಗೆಯ ಮರ್ಯಾದೆಯೂ ಆಗಿರಬಹುದೆಂದು ನಿಮಗೆ ಒಮ್ಮೆಯಾದರೂ ಅನ್ನಿಸಿತೇ?

ಈ ನೆಲದಲ್ಲಿ 'ಅಲ್ಲೆಮಾನ್ಸ್‌ರೆಟ್ಟೆನ್' ಎಂಬ ಹಕ್ಕೊಂದಿದೆ. 1994ರಿಂದ ಅದು ಸಂವಿಧಾನದಲ್ಲಿಯೂ ಸೇರಿದೆ. ಕಾಡು ಯಾರದೇ ಆಗಿರಲಿ, ನೀವು ಅಲ್ಲಿ ನಡೆಯಬಹುದು, ಬ್ಲೂಬೆರಿ, ಲಿಂಗೊನ್ ಹಣ್ಣು, ಅಣಬೆಗಳನ್ನು ಆಯ್ದುಕೊಳ್ಳಬಹುದು, ಮನೆಗಳಿಂದ ದೂರದಲ್ಲಿ ಒಂದು ರಾತ್ರಿ ಡೇರೆ ಹಾಕಿ ಮಲಗಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಪ್ರವಾಸಿಗೂ ಈ ಹಕ್ಕು ಅಷ್ಟೇ ಉಂಟು. (ನಮ್ಮ ಮಲೆನಾಡಿನಲ್ಲಿ ಪಕ್ಕದ ತೋಟದ ಹಲಸಿನಹಣ್ಣಿಗೆ ಕೈಹಾಕಿದರೆ ಮೂರು ತಲೆಮಾರು ಮಾತು ಬಿಡುತ್ತೇವೆ, ಹೃದಯವಂತರು ನಾವು.) ಇದಕ್ಕೆ ಪ್ರತಿಯಾಗಿ ಅವರು ಕೇಳುವುದು ಎರಡೇ: ತೊಂದರೆ ಕೊಡಬೇಡ, ಹಾಳುಮಾಡಬೇಡ. ಬಸ್ ನಿಲ್ದಾಣದಲ್ಲಿ ಮಾರುದೂರ ಬಿಟ್ಟು ನಿಲ್ಲುವುದೂ, ಔಷಧಿ ಅಂಗಡಿಯಲ್ಲಿ ನಂಬರಿನ ಚೀಟಿ ಹಿಡಿದು ತುಟಿಪಿಟಕ್ಕೆನ್ನದೆ ಕಾಯುವುದೂ ನನಗೆ ಆ ಮೊದಲ ಮಾತಿನ ಮುಂದುವರಿಕೆಯಾಗಿಯೇ ಕಾಣುತ್ತವೆ.

ಅವರು ಮಾತಾಡುವುದೇ ಇಲ್ಲವೆಂಬುದೂ ಸುಳ್ಳು. ಮಾತಿಗೊಂದು ಹೊತ್ತಿದೆ, ಅದರ ಹೆಸರು 'ಫೀಕಾ'. ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಕೆಲಸ ಬಿಟ್ಟು ಕಾಫಿಗೆ ಕೂರುತ್ತೇವೆ, ದೊಡ್ಡ ಸಾಹೇಬರೂ ಸೇರಿ. ಜೊತೆಗೆ ಏಲಕ್ಕಿ ಬನ್ನು. ಹಿಟ್ಟಿನಲ್ಲೂ ಮೇಲಿನ ಸಕ್ಕರೆಯಲ್ಲೂ ತರಿತರಿಯಾಗಿ ಕುಟ್ಟಿದ ಏಲಕ್ಕಿ. ಮೊದಲ ಸಲ ಅದನ್ನು ಮುರಿದು ಮೂಗಿನ ಹತ್ತಿರ ತಂದಾಗ ನನಗೆ ನಮ್ಮಮ್ಮ ಹೋಳಿಗೆಯ ಹೂರಣ ಕಲಸುವ ವಾಸನೆ ಬಂದು, ಹೊಸ ಸಹೋದ್ಯೋಗಿಗಳ ಎದುರು ಕಣ್ಣು ತುಂಬಿತು. ಆಗಲೂ ಅವರು ಏನೂ ಕೇಳಲಿಲ್ಲ. ಪಕ್ಕದವರು ಬನ್ನಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು, ಅಷ್ಟೆ. ಕಾಫಿಯನ್ನು ಕಾಗದದ ಲೋಟದಲ್ಲಿ ಹಾಕಿಸಿಕೊಂಡು ಮುಂದಿನ ಮ್ಯೂಸಿಯಮ್ಮಿಗೆ ಓಡುವವರಿಗೆ ಇದೆಲ್ಲಿ ಕಾಣಬೇಕು?

ಇನ್ನು ಉಮಿಯೋದಂಥ ಉತ್ತರದ ಊರುಗಳಲ್ಲಿ 'ಹೌದು' ಎನ್ನಲು ಬಾಯಿಯನ್ನೂ ತೆರೆಯುವುದಿಲ್ಲ. ತುಟಿ ಮುಂದೆ ಮಾಡಿ ಸರ್ರನೆ ಉಸಿರೆಳೆದುಕೊಂಡರೆ ಮುಗಿಯಿತು. ನನ್ನ ಸೋದರಮಾವ ಬಂದಿದ್ದಾಗ, ಬಸ್ಸು ಪೇಟೆಗೆ ಹೋಗುತ್ತದೆಯೇ ಎಂದು ಡ್ರೈವರನ್ನು ಮೂರು ಸಲ ಕೇಳಿ, ಮೂರು ಸಲವೂ ಆ ಉಸಿರನ್ನೇ ಉತ್ತರವಾಗಿ ಪಡೆದು, "ಪಾಪ, ಉಬ್ಬಸ ಕಣೇ" ಎಂದು ಮರುಗಿದ್ದರು. ಅವರು ತಪ್ಪು ತಿಳಿದರು, ನಿಜ. ಆದರೆ ಮರುಗಿದರೇ ಹೊರತು ಬೈಯಲಿಲ್ಲ.

ಡಾಕ್ಟರನ್ನೂ ಪ್ರೊಫೆಸರನ್ನೂ ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಾರೆಂಬುದು ಇನ್ನೊಂದು ದೂರು. ಮೊದಲು ಇಲ್ಲಿಯೂ ಪದವಿ ಹೇಳಿಯೇ ಮಾತಾಡಿಸಬೇಕಿತ್ತು. 1967ರಲ್ಲಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ಅವರು ಸಿಬ್ಬಂದಿಯೆಲ್ಲರನ್ನೂ 'ದೂ' ಎಂದೇ, ಅಂದರೆ ನಮ್ಮ 'ನೀನು' ಎಂದೇ ಕರೆಯುವುದಾಗಿ ಹೇಳಿದ್ದು ಆ ಬದಲಾವಣೆಯ ಗುರುತಾಗಿ ಉಳಿದಿದೆ. ಅವರ ಮರ್ಯಾದೆ ಬಹುವಚನದಲ್ಲಿಲ್ಲವೆಂದ ಮಾತ್ರಕ್ಕೆ ಮರ್ಯಾದೆಯೇ ಇಲ್ಲವೆಂದಾಗುತ್ತದೆಯೇ?

ಆಟಕ್ಕೆ ಬಂದ ಪಕ್ಕದ ಮನೆಯ ಮಗುವಿಗೆ ಊಟ ಹಾಕುವುದಿಲ್ಲವಂತಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೆಲವರು ಕೇಳಿಯೇ ಕೇಳುತ್ತಾರೆ. 2022ರಲ್ಲಿ ಜಾಲತಾಣಗಳ ತುಂಬ ಇದೇ ರಂಪವಾಗಿತ್ತು. ಒಪ್ಪುತ್ತೇನೆ. ನನ್ನ ಮಗಳೇ ಒಮ್ಮೆ ಗೆಳತಿಯ ಮನೆಯವರು ಉಣ್ಣುವಷ್ಟು ಹೊತ್ತು ಆಟದ ಕೋಣೆಯಲ್ಲಿ ಒಬ್ಬಳೇ ಕುಳಿತು ಬಂದಿದ್ದಳು, ಅವಳಿಗೆ ಸಾರನ್ನ ಕಲಸಿ ಕೊಡುತ್ತ ಆ ಮನೆಯವರನ್ನು ನಾನು ಅಪ್ಪಟ ಕನ್ನಡದಲ್ಲಿ ಬೈದಿದ್ದೆ. ಇನ್ನೊಬ್ಬರ ಮನೆಯ ಅಡುಗೆಯ ಲೆಕ್ಕ ತಪ್ಪಿಸಬಾರದೆಂಬ ಸಂಕೋಚ ಅದರ ಹಿಂದಿತ್ತೆಂದು ಆಮೇಲೆ ತಿಳಿಯಿತು. ತಿಳಿದರೂ ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ಎಲ್ಲ ಮನೆಗಳೂ ಹಾಗಿರುವುದಿಲ್ಲ, ಮತ್ತು ಆ ಒಂದು ತಟ್ಟೆಯ ನೆಪದಲ್ಲಿ ಇಡೀ ದೇಶವನ್ನು ಸಾವಿನ ಮನೆಯೆನ್ನುವ ಹಕ್ಕು ರೈಲಿನಲ್ಲಿ ಕೂಗಾಡುವವರಿಗೆ ಬರುವುದಿಲ್ಲ.

ಇಷ್ಟೆಲ್ಲ ಬರೆಯುವ ನಾನು ನಿನ್ನೆ ಏನು ಮಾಡಿದೆನೆಂದು ಕೇಳುತ್ತೀರಾದರೆ, ಓದುತ್ತಿದ್ದ ಕನ್ನಡ ಪುಸ್ತಕವನ್ನು ಮಗುಚಿ ಚೀಲಕ್ಕೆ ತುರುಕಿ, ಸ್ಟಾಕ್‌ಹೋಮಿನವರೆಗೂ ಕಿಟಕಿಯತ್ತ ಮುಖ ಮಾಡಿ ಕುಳಿತೆ. ಪಕ್ಕದ ಮನೆಯವರು ಮೆಟ್ಟಿಲಿಳಿದು ಹೋಗುವವರೆಗೆ ಎದುರಾಗದಿರಲೆಂದು ಬಾಗಿಲಿನ ಕಿಂಡಿಯಲ್ಲಿ ನೋಡುತ್ತ ಕಾಯುವ ಇಲ್ಲಿನವರ ಅಭ್ಯಾಸ ನನಗೂ ಅಂಟಿದೆಯೆಂದು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ರೈಲಿನಿಂದ ಇಳಿದ ಮೇಲೆ ಆ ಕನ್ನಡ ಕುಟುಂಬದ ಮನೆಯಾಕೆ ನನ್ನನ್ನೇ ಹುಡುಕಿಕೊಂಡು ಬಂದು, ಮೆಟ್ರೊ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನೂ ಇಂಗ್ಲಿಷಿನಲ್ಲಿಯೇ ಎರಡು ಮಾತು ಹೇಳಿ ದಾರಿ ತೋರಿಸಿದೆ. ನಾಲ್ಕು ಹೆಜ್ಜೆ ಹೋಗುತ್ತಲೇ ಅವರು ಯಜಮಾನರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ನೋಡಾಕೆ ನಮ್ಮ ಕಡೇರ ಹಂಗೇ ಅದಾರ, ಆದ್ರ ಇವ್ರೂ ಒಂದು ನಗಿ ನಗಲಿಲ್ಲ ನೋಡ್ರಿ."