ಉಗುಳು ನೆತ್ತಿಗೆ ಹತ್ತಿದಾಗ

ನುಂಗುವ ಕೆಲಸದಲ್ಲಿ ನನಗಿರುವ ಅನುಭವ ಸಾಮಾನ್ಯವಾದುದಲ್ಲ; ಎಲ್ಲ ಶಿಶುಗಳಂತೆ ನಾನೂ ಗರ್ಭದಲ್ಲಿದ್ದಾಗಲೇ ಸುತ್ತಲಿನ ದ್ರವವನ್ನು ನುಂಗಿ ಅಭ್ಯಾಸ ಮಾಡಿಕೊಂಡು ಬಂದವನು. ಇಷ್ಟು ನುರಿತವನಿಗೂ ಬಾಯಲ್ಲಿ ಏನೂ ಇಲ್ಲದಿರುವಾಗ, ಅದರಲ್ಲೂ ತುಂಬಿದ ಸಭೆಯ ನಡುವೆ, ಸ್ವಂತ ಉಗುಳೇ ನೆತ್ತಿಗೆ ಹತ್ತುತ್ತದೆ. ಕೂಡಲೇ ಯಾರಾದರೊಬ್ಬರು ಕನಿಕರದಿಂದ ನೀರಿನ ಲೋಟವನ್ನು ಚಾಚುತ್ತಾರೆ. ದಾರಿ ತಪ್ಪಿರುವುದೂ ದ್ರವವೇ ಎಂದು ಅವರಿಗೆ ತಿಳಿಸೋಣವೆಂದರೆ ಉಸಿರಿರುವುದಿಲ್ಲ.

ಇಷ್ಟಕ್ಕೂ ಎಡವಟ್ಟು ಇರುವುದು ಗಂಟಲಿನ ನಕ್ಷೆಯಲ್ಲಿಯೇ. ಮೂಗಿನ ದಾರಿ ಬಾಯಿಯ ಹಿಂಭಾಗದಲ್ಲಿ ಇಳಿಯುತ್ತದೆ, ಆದರೆ ಗಾಳಿ ಸೇರಬೇಕಾದ ಶ್ವಾಸನಾಳವು ಅನ್ನನಾಳದ ಮುಂದಿದೆ. ಹೀಗಾಗಿ ಗಾಳಿಯೂ ತುತ್ತೂ ಒಂದರ ದಾರಿಯನ್ನೊಂದು ಅಡ್ಡ ದಾಟಲೇಬೇಕು. ಈ ಅಪಾಯಕ್ಕೆ ಎಪಿಗ್ಲಾಟಿಸ್ ಎಂಬ ಮುಚ್ಚಳವಿದೆಯೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಎಲ್ಲರೂ ದುಡಿದ ಮೇಲೆ ಬಂದು ಹಾರ ಹಾಕಿಸಿಕೊಳ್ಳುವ ಅಧ್ಯಕ್ಷರಂತೆ, ಅದಕ್ಕೆ ಸಂದ ಕೀರ್ತಿ ಕೊಂಚ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ನುಂಗುವ ಕ್ಷಣದಲ್ಲಿ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಉಸಿರು ತಾನಾಗಿಯೇ ನಿಲ್ಲುತ್ತದೆ, ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ, ಇಡೀ ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜರುಗಿ ನಾಲಿಗೆಯ ಬುಡದಡಿ ಅಡಗಿಕೊಳ್ಳುತ್ತದೆ ಮತ್ತು ಆ ಎಳೆತದಿಂದಲೇ ಅನ್ನನಾಳದ ಬಾಯಿ ತೆರೆಯಲು ಅನುವಾಗುತ್ತದೆ. ಮುಚ್ಚಳ ಮಗುಚಿಕೊಳ್ಳುವುದು ಇಷ್ಟೆಲ್ಲ ಗಡಿಬಿಡಿಯ ನಡುವೆ. ಕುತ್ತಿಗೆಯ ಮುಂದಿನ ಗಂಟಿನ ಮೇಲೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿದರೆ, ಅದು ಚಕ್ಕನೆ ಮೇಲೇರಿ ಮತ್ತೆ ಸ್ವಸ್ಥಾನಕ್ಕೆ ಇಳಿಯುವುದು ಬೆರಳಿಗೇ ತಿಳಿಯುತ್ತದೆ. ಗಂಟಲಲ್ಲಿ ನಡೆಯುವ ಇದೆಲ್ಲವೂ ಸುಮಾರು 1 ಸೆಕೆಂಡಿನಲ್ಲಿ, ಮೆದುಳಿನ ಬುಡದ ಆಜ್ಞೆಯಂತೆ, ನಮ್ಮನ್ನು ಒಂದು ಮಾತೂ ಕೇಳದೆ ಮುಗಿದುಹೋಗುತ್ತದೆ. (ಕೇಳದಿರುವುದೇ ಕ್ಷೇಮ.)

ನಗುವಿನ ಅಥವಾ ಮಾತಿನ ನಡುವೆ ಗಬಕ್ಕನೆ ಉಸಿರೆಳೆದುಕೊಂಡಾಗ ಧ್ವನಿತಂತುಗಳು ತೆರೆದಿರುತ್ತವೆ. ಗಟ್ಟಿ ತುತ್ತಿಗಿಂತ ಚುರುಕಾಗಿ ಹರಿಯುವ ತೆಳು ದ್ರವಕ್ಕೆ ಅಷ್ಟು ಸಂದು ಸಾಕು. ಹನಿ ಒಳಗೆ ತಾಕಿದೊಡನೆ ಧ್ವನಿತಂತುಗಳು ಮುಚ್ಚಿಕೊಂಡು, ಅವುಗಳ ಕೆಳಗೆ ಗಾಳಿ ಒತ್ತಡಕ್ಕೆ ಸಿಲುಕಿ, ಮರುಕ್ಷಣವೇ ಬಾಗಿಲು ಕಿತ್ತಂತೆ ಹೊರಗೆ ಸಿಡಿಯುತ್ತದೆ. ಸಭಾಮರ್ಯಾದೆಗೆ ಅಂಜಿ ಅದುಮಿ ಹಿಡಿದ ಕೆಮ್ಮು ಕಣ್ಣಲ್ಲಿ ನೀರು ತರಿಸುತ್ತದೆಯೇ ಹೊರತು ಸುಮ್ಮನಾಗುವುದಿಲ್ಲ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಕೆಲವರಿಗೆ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ವೈದ್ಯರು ಹೆಚ್ಚು ಹೆದರುವುದು ಆ ನಿಶ್ಶಬ್ದಕ್ಕೆ. ನನ್ನ ಕೆಮ್ಮಿಗೆ ಅಂಥ ಸಂಕೋಚವಿಲ್ಲ. ಹನಿ ಹೊರಬಿದ್ದ ಮೇಲೂ, ಯಾವುದೇ ಅನುಮಾನ ಉಳಿಯಬಾರದೆಂದು, ಇನ್ನೆರಡು ಸುತ್ತು ಹೆಚ್ಚುವರಿಯಾಗಿ ಕೆಮ್ಮಿಸಿಯೇ ಅದು ನನ್ನನ್ನು ಬಿಡುತ್ತದೆ.