ಬಾಯಿ ಬಿಡುವ ಕಸದ ಬುಟ್ಟಿ

ಒಂದೇ ವಸ್ತುವನ್ನು ಎಷ್ಟು ಸಲ ಹೊಸದಾಗಿ ಕಂಡುಹಿಡಿಯಬಹುದು ಎಂದು ಲೆಕ್ಕ ಇಡುವವರು ಇದ್ದಿದ್ದರೆ ಮೊದಲ ಬಹುಮಾನ ಸ್ಮಾರ್ಟ್ ಡಸ್ಟ್‌ಬಿನ್ನಿಗೇ ಹೋಗುತ್ತಿತ್ತು. ಕೈ ಚಾಚಿದರೆ ಮುಚ್ಚಳ ತಾನಾಗಿ ತೆರೆದುಕೊಳ್ಳುವ ಕಸದ ಬುಟ್ಟಿ ಅದು. ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಪ್ರದರ್ಶನ ಎಂದರೆ ಸಾಲಿನಲ್ಲೆಲ್ಲೋ ಒಂದು ಕಡೆ ಅದು ಬಾಯಿ ಬಿಟ್ಟುಕೊಂಡು ನಿಂತಿರಲೇಬೇಕು. ಪಕ್ಕದಲ್ಲಿ ಆರು ವಿಭಾಗದ ಆರು ಜನ, ಒಂದೇ ಬಣ್ಣದ ಟೀ ಶರ್ಟು. ತಲೆಯ ಮೇಲೆ ಬ್ಯಾನರ್: ‘ನೈಜ ಜಗತ್ತಿನ ಸಮಸ್ಯೆಗೆ ಬಹುಶಿಸ್ತೀಯ ತಂಡದ ನವೀನ ಪರಿಹಾರ.’ ಇಷ್ಟು ಭಾರದ ಮಾತನ್ನು ಹೊತ್ತ ಬುಟ್ಟಿ ಆಮೇಲೆ ಕಸ ಹೊರಲಾರದಿದ್ದರೆ ಅದರ ತಪ್ಪೇನು?

ನೈಜ ಜಗತ್ತಿನ ಸಮಸ್ಯೆಯನ್ನು ಹುಡುಕುವ ಜಾಗ ಲ್ಯಾಬಿನ ಕಪಾಟು. ಬಾಗಿಲು ತೆಗೆದರೆ ಆರ್ಡುಯಿನೊ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಒಂದು, ಒಂದು ಎಚ್‌ಸಿ-ಎಸ್‌ಆರ್04 ಎಂಬ, ಕಿವಿಗೆ ಕೇಳದ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಎಸ್‌ಜಿ90 ಎಂಬ, ಹೇಳಿದಷ್ಟೇ ಕೋನ ತಿರುಗುವ ಸರ್ವೊ ಮೋಟಾರ್, ಚುಚ್ಚಿ ಜೋಡಿಸುವ ಜಂಪರ್ ವೈರು ಹಿಡಿ ತುಂಬ. ಈ ನಾಲ್ಕರಿಂದ ಏನು ಮಾಡಬಹುದೋ ಅದೇ ಮನುಕುಲದ ಸಮಸ್ಯೆ. ಮೋಟಾರ್ ಕೆಟ್ಟಿದ್ದರೆ ಸಮಸ್ಯೆ ಬದಲಾಗುತ್ತದೆ. ಸೆನ್ಸರ್ ಮತ್ತು ಬಜರ್ ಮಾತ್ರ ಉಳಿದರೆ ಅಂಧರಿಗೆ ಸ್ಮಾರ್ಟ್ ಕೋಲು. ಆ ಕೋಲಿನ ಶಬ್ದಕಿರಣ ಸುಮಾರು 15 ಡಿಗ್ರಿ ಅಗಲದಲ್ಲಿ ನೇರ ಮುಂದಕ್ಕೆ ಹೋಗುವುದರಿಂದ ಎದುರಿನ ಗೋಡೆ ಸಿಗುತ್ತದೆ, ಕಾಲ ಬುಡದ ಗುಂಡಿ ಸಿಗುವುದಿಲ್ಲ. ಗೋಡೆ ಸಾಮಾನ್ಯವಾಗಿ ಎಲ್ಲಿಗೂ ಹೋಗುವುದಿಲ್ಲ, ನಡೆಯುವವರಿಗೆ ಅದರ ಪರಿಚಯವಿರುತ್ತದೆ. ಗುಂಡಿಯನ್ನು ತಟ್ಟಿ ನೋಡಿ ಹೇಳುತ್ತಿದ್ದುದು ಹಳೆಯ ಬಿಳಿ ಕೋಲು. ಇರಲಿ, ನಮ್ಮ ಕಪಾಟಿನಲ್ಲಿ ಮೋಟಾರ್ ಇದೆ, ಬುಟ್ಟಿಗೇ ಬರೋಣ.

ತಂಡ ಕಟ್ಟುವುದು ಮುಂದಿನ ಕೆಲಸ. ಆರು ಜನರ ನಡುವೆ ಮಾತಿನ ಎಳೆಗಳು ಎಷ್ಟು? ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 15. ಅದಕ್ಕೇ ಮೊದಲ ವಾರವೆಲ್ಲ ವಾಟ್ಸ್‌ಆ್ಯಪ್ ಗುಂಪಿನ ಹೆಸರು, ಚಿತ್ರ ನಿರ್ಧರಿಸುವುದರಲ್ಲೇ ಕಳೆಯುತ್ತದೆ. ಮೆಕ್ಯಾನಿಕಲ್‌ನವನು ಬುಟ್ಟಿಗೆ ತೂತು ಕೊರೆಯುತ್ತಾನೆ. ಎಲೆಕ್ಟ್ರಾನಿಕ್ಸ್‌ನವಳು ಉಳಿದದ್ದೆಲ್ಲ ಮಾಡುತ್ತಾಳೆ. ಕಂಪ್ಯೂಟರ್ ಸೈನ್ಸ್‌ನವನು ಆ್ಯಪಿನ ಲಾಗಿನ್ ಪುಟ ಮಾಡುತ್ತಾನೆ. ಲಾಗಿನ್ ಆದ ಮೇಲೆ ಏನು ಎಂಬುದು ‘ಮುಂದಿನ ಹಂತ’. ಮ್ಯಾನೇಜ್‌ಮೆಂಟಿನವಳು ವ್ಯಾಪಾರದ ಯೋಜನೆಯನ್ನು ಒಂದೇ ಹಾಳೆಯಲ್ಲಿ ಬರೆಯುವ ಬಿಸಿನೆಸ್ ಮಾಡೆಲ್ ಕ್ಯಾನ್ವಾಸಿನ 9 ಚೌಕ ತುಂಬುತ್ತಾಳೆ, ಡಿಸೈನಿನವನು ಎಲೆ ಮತ್ತು ಬಲ್ಬು ಸೇರಿಸಿ ಲೋಗೋ ಬಿಡಿಸುತ್ತಾನೆ. ಸಮಾಜಶಾಸ್ತ್ರದವಳನ್ನು ಏನು ಮಾಡುವುದೆಂದು ಯಾರಿಗೂ ಹೊಳೆಯದೆ ರಿಪೋರ್ಟಿನ ಪೀಠಿಕೆ ಬರೆಯಲು ಕೂರಿಸುತ್ತಾರೆ. ಕಸದ ಬಗ್ಗೆ ಕೇಳಬೇಕಾದ ಪ್ರಶ್ನೆ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೆ. ಆದರೆ ಅವಳಿಗೆ ಸಾಲ್ಡರಿಂಗ್ ಬರುವುದಿಲ್ಲವಲ್ಲ.

ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಪಾಲಿನ ಬಲ ಇಳಿಯುತ್ತದೆ ಎಂದು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲೇ ಪ್ರಕಟಿಸಿದ್ದರು. ಎಂಟು ಜನ ಸೇರಿದಾಗ ಒಬ್ಬೊಬ್ಬರು ಎಳೆದದ್ದು ತಮ್ಮ ಶಕ್ತಿಯ ಅರ್ಧದಷ್ಟು. ಅವರದು ಹಗ್ಗವಾದ್ದರಿಂದ ಎಲ್ಲರೂ ಕನಿಷ್ಠ ಅದನ್ನು ಮುಟ್ಟಿಕೊಂಡಿದ್ದರು. ಪ್ರಾಜೆಕ್ಟಿನಲ್ಲಿ ಆ ನಿಯಮವೂ ಇಲ್ಲ.

ಆಮೇಲೆ ಗೋಡೆಗೆ ಚೀಟಿ ಅಂಟಿಸುವ ಉತ್ಸವ. ಡಿಸೈನ್ ಥಿಂಕಿಂಗ್ ಎಂಬ ವಿನ್ಯಾಸ ವಿಧಾನದ ಐದು ಮೆಟ್ಟಿಲು ಹತ್ತಬೇಕು: ಸಹಾನುಭೂತಿ, ಸಮಸ್ಯೆಯ ವ್ಯಾಖ್ಯೆ, ಕಲ್ಪನೆ, ಮಾದರಿ, ಪರೀಕ್ಷೆ. ಮಾದರಿಯ ಸಾಮಾನು ಆಗಲೇ ಚೀಲದಲ್ಲಿರುವುದರಿಂದ ಮೇಲಿನಿಂದ ಕೆಳಕ್ಕೆ ಇಳಿದರೂ ನಡೆಯುತ್ತದೆ. ಅಂಟುಚೀಟಿಯನ್ನು ಕಟ್ಟಿನಿಂದ ಕೆಳಗಿನಿಂದ ಮೇಲಕ್ಕೆ ಕಿತ್ತರೆ ಸುರುಳಿಯಾಗಿ ಗೋಡೆಯಿಂದ ಉದುರುತ್ತದೆ. ಬದಿಯಿಂದ ಅಡ್ಡಕ್ಕೆ ಎಳೆದರೆ ಚಪ್ಪಟೆಯಾಗಿ ನಿಲ್ಲುತ್ತದೆ. ಇಡೀ ಕಾರ್ಯಾಗಾರದಲ್ಲಿ ಕಲಿತದ್ದು ಮುಂದೆ ಉಪಯೋಗಕ್ಕೆ ಬರುವುದಾದರೆ ಇದೊಂದೇ, ಆದರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸಂಜೆ ನೆಲದ ಮೇಲೆ ಉದುರಿಬಿದ್ದ ಹಳದಿ, ಗುಲಾಬಿ ಕಲ್ಪನೆಗಳನ್ನು ಗುಡಿಸಿ ತುಂಬುವವರು ಬರುತ್ತಾರೆ. ಕಸದ ಬುಟ್ಟಿಯ ನಿಜವಾದ ಬಳಕೆದಾರರು ಆ ಕೋಣೆಗೆ ಕಾಲಿಟ್ಟದ್ದು ಆ ಒಂದೇ ಸಲ. ಬಂದಾಗ ತಂಡ ಸಹಾನುಭೂತಿಯ ಫೋಟೊ ತೆಗೆದುಕೊಳ್ಳುತ್ತಿತ್ತು, ಅಡ್ಡ ಬಂದಿರೆಂದು ಸ್ವಲ್ಪ ಸರಿಯಲು ಹೇಳಿತು.

ಅವರನ್ನು ಕೇಳಿದ್ದರೆ ಎರಡು ನಿಮಿಷದ ಉತ್ತರ. ಬುಟ್ಟಿಯ ಚೀಲವನ್ನು ದಿನಾ ಬದಲಿಸಬೇಕು, ಚೀಲದ ಅಂಚು ಬಾಯಿಯ ಸುತ್ತ ಹೊರಕ್ಕೆ ಮಡಚಬೇಕು; ಅಲ್ಲಿ ವೈರು ಇರಬಾರದು. ಬುಟ್ಟಿಯನ್ನು ಆಗಾಗ ನೀರು ಸುರಿದು ಉಜ್ಜಿ ತೊಳೆಯಬೇಕು; ಅಲ್ಲಿ ಬೋರ್ಡು ಇರಬಾರದು. ಮುಚ್ಚಳ ತೆಗೆಯುವುದು ಯಾರಿಗೂ ಕಷ್ಟವಲ್ಲ, ತುಂಬಿದ ಚೀಲವನ್ನು ಬೆನ್ನು ಬಗ್ಗಿಸಿ ಮೇಲೆತ್ತುವುದು ಕಷ್ಟ. ಬುಟ್ಟಿ ತುಂಬಿದೆ ಎಂದು ಹೇಳುವ ಆ್ಯಪ್ ಬೇಕಿಲ್ಲ, ಅದು ದೂರದಿಂದಲೇ ಕಾಣುತ್ತದೆ; ಇನ್ನೊಬ್ಬ ಆಳು ಬೇಕು. ಆದರೆ ತಂಡ ಕೇಳಿದ್ದು ಸಹಪಾಠಿಗಳನ್ನು, ಗೂಗಲ್ ಫಾರ್ಮಿನಲ್ಲಿ: ‘ಸ್ವಚ್ಛ ಪರಿಸರ ಮುಖ್ಯವೆಂದು ನೀವು ಭಾವಿಸುತ್ತೀರಾ?’ ಇಲ್ಲ ಎಂದವರು ಯಾರೂ ಇಲ್ಲ. ಪೈ ಚಾರ್ಟು ಅಖಂಡ ಹಸಿರು ಚಂದ್ರನಂತೆ ಸ್ಲೈಡಿನಲ್ಲಿ ಮೂಡಿತು.

ಕೈಮುಟ್ಟದೆ ಮುಚ್ಚಳ ತೆಗೆಯುವ ಸಮಸ್ಯೆ ಹಿಂದೆ ಒಮ್ಮೆ ಪರಿಹಾರವಾಗಿತ್ತು. ಕಾಲಿನಿಂದ ಒತ್ತುವ ಪೆಡಲ್ ಬುಟ್ಟಿಯ ಶ್ರೇಯ ಸಾಮಾನ್ಯವಾಗಿ ಅಮೆರಿಕದ ಲಿಲಿಯನ್ ಗಿಲ್‌ಬ್ರೆತ್ (1878–1972) ಅವರಿಗೆ ಸಲ್ಲುತ್ತದೆ. 1915ರಲ್ಲಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್, ವೃತ್ತಿಯಲ್ಲಿ ಕೈಗಾರಿಕಾ ಎಂಜಿನಿಯರ್. ಅಡುಗೆಮನೆಯ ಒಲೆ, ಸಿಂಕು ಎಷ್ಟು ಎತ್ತರವಿರಬೇಕೆಂದು ತಿಳಿಯಲು 4,000ಕ್ಕೂ ಹೆಚ್ಚು ಮಹಿಳೆಯರನ್ನು ಮಾತಾಡಿಸಿದವರು. ಬಹುಶಿಸ್ತು ಒಂದೇ ತಲೆಯಲ್ಲಿದ್ದುದರಿಂದ ವಾಟ್ಸ್‌ಆ್ಯಪ್ ಗುಂಪು ಬೇಕಾಗಲಿಲ್ಲ. ಒಂದು ಪೆಡಲ್, ಒಂದು ಕಡ್ಡಿ, ಒಂದು ಕೀಲು. ಬ್ಯಾಟರಿ ಇಲ್ಲ, ಬಗ್ ಇಲ್ಲ, ತೊಳೆದರೂ ಸಾಯುವುದಿಲ್ಲ. ರಿಪೋರ್ಟಿನ ‘ಈಗಿರುವ ವ್ಯವಸ್ಥೆಯ ಕೊರತೆಗಳು’ ಅಧ್ಯಾಯದಲ್ಲಿ ಇದಕ್ಕೆ ಒಂದೇ ಸಾಲು: ‘ಹಳೆಯ ಬುಟ್ಟಿಗಳು ಸ್ಮಾರ್ಟ್ ಅಲ್ಲ.’

ಈಗ ಕಟ್ಟುವ ಕೆಲಸ. ಎಸ್‌ಜಿ90 ಮೋಟಾರಿನ ತೂಕ 9 ಗ್ರಾಂ, ಹಲ್ಲುಗಳು ಪ್ಲಾಸ್ಟಿಕ್ಕು, ಟಾರ್ಕ್ (ತಿರುಗಿಸುವ ಬಲ) ಸುಮಾರು 1.8 ಕೆಜಿ-ಸೆಂಮೀ. ಬುಟ್ಟಿಯ ಮುಚ್ಚಳ 250 ಗ್ರಾಂ, ಅದರ ಭಾರದ ಮಧ್ಯ ಕೀಲಿನಿಂದ 12 ಸೆಂಮೀ ದೂರ ಎಂದಿಟ್ಟುಕೊಳ್ಳಿ. ಗುಣಿಸಿದರೆ 3 ಕೆಜಿ-ಸೆಂಮೀ. ಮೋಟಾರಿನ ಶಕ್ತಿಗೆ ಮೀರಿದ್ದು ಎಂದು ಒಂದು ಗುಣಾಕಾರ ಹೇಳುತ್ತಿತ್ತು. ತಂಡ ಅದನ್ನು ಮೂರು ಮೋಟಾರ್ ಸುಟ್ಟು ತಿಳಿದುಕೊಳ್ಳುತ್ತದೆ. ಆಗ ಮೆಕ್ಯಾನಿಕಲ್‌ನವನಿಗೆ ಸನ್ನೆಕೋಲು ನೆನಪಾಗಿ ಮುಚ್ಚಳದ ತುದಿಗೆ ದಾರ ಕಟ್ಟಿ ಎಳೆಸುತ್ತಾನೆ. ಎತ್ತಬೇಕಾದ ಭಾರ ಅರ್ಧವಾಗುತ್ತದೆ ನಿಜ. ಆದರೆ ಮೋಟಾರಿನ ಕೈ 2 ಸೆಂಮೀ ಉದ್ದದ್ದು, ಅರ್ಧ ಸುತ್ತಿನಲ್ಲಿ ಎಳೆಯುವುದು 4 ಸೆಂಮೀ. ಮುಚ್ಚಳ ಎರಡು ಬೆರಳು ತೆರೆದು ನಿಲ್ಲುತ್ತದೆ. ಚಪ್ಪಟೆ ಕಸಕ್ಕೆ ಮಾತ್ರ ಪ್ರವೇಶ. ಕೀಲಿನ ಆಚೆ ಬದಿಗೆ ಒಂದು ಪ್ರತಿತೂಕ ಕಟ್ಟಿದ್ದರೆ ಇದೇ ಚಿಕ್ಕ ಮೋಟಾರ್ ಸಾಕಿತ್ತು, ಆದರೆ ಕಲ್ಲು ಕಟ್ಟಿದ ಬುಟ್ಟಿಯನ್ನು ಸ್ಮಾರ್ಟ್ ಎಂದು ಹೇಗೆ ಕರೆಯುವುದು? ಕೊನೆಗೆ ಮುಚ್ಚಳವನ್ನೇ ಕಿತ್ತು ರಟ್ಟಿನದೊಂದು ಮಾಡುತ್ತಾರೆ. ಈಗ ಫ್ಯಾನಿನ ಗಾಳಿಗೂ ಅದು ತಾನಾಗಿ ತೆರೆಯುತ್ತದೆ. ಒಂದು ಅರ್ಥದಲ್ಲಿ ಗುರಿ ಸಾಧಿಸಿದಂತೆಯೇ.

ವಿದ್ಯುತ್ತಿನ ಕಥೆ ಇನ್ನೂ ರುಚಿ. ಮೋಟಾರ್ ತಡೆಬಿದ್ದಾಗ 600 ಮಿಲಿಆಂಪ್ ಮೀರಿ ಎಳೆಯುತ್ತದೆ, ಅದನ್ನು ಕೊಡಬೇಕಾದದ್ದು ಊನೋದ 5 ವೋಲ್ಟ್ ಪಿನ್ನು, ಹಿಂದೆ ನಿಂತಿರುವುದು ಚೌಕದ 9 ವೋಲ್ಟ್ ಬ್ಯಾಟರಿ. ಮುಚ್ಚಳ ಏಳುತ್ತಲೇ ವೋಲ್ಟೇಜು ಕುಸಿಯುತ್ತದೆ, ಬೋರ್ಡು ರೀಸೆಟ್ ಆಗುತ್ತದೆ, ಎದ್ದ ಕೂಡಲೇ ಮೋಟಾರನ್ನು ಮೊದಲ ಸ್ಥಾನಕ್ಕೆ ತಿರುಗಿಸುತ್ತದೆ, ಮತ್ತೆ ಕುಸಿಯುತ್ತದೆ. ಬುಟ್ಟಿ ದಡಕ್ಕೆ ಬಿದ್ದ ಮೀನಿನಂತೆ ಬಾಯಿ ಬಡಿಯುತ್ತದೆ. ಮದ್ದು ಸರಳ: ಮೋಟಾರಿಗೆ ನಾಲ್ಕು ಎಎ ಸೆಲ್ಲಿನ ಪ್ರತ್ಯೇಕ ಪೆಟ್ಟಿಗೆ, ಅದರ ಎರಡು ತುದಿಗೆ ಅಡ್ಡಲಾಗಿ 470 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್, ಮರೆಯದೆ ಬೋರ್ಡಿನ ಗ್ರೌಂಡಿಗೂ (ಮೈನಸ್ ತುದಿಗೂ) ಪೆಟ್ಟಿಗೆಯ ಗ್ರೌಂಡಿಗೂ ಒಂದು ವೈರು. ಸೆಲ್ಲು ಹಾಕುತ್ತಾರೆ, ಕೆಪ್ಯಾಸಿಟರ್ ಹಾಕುತ್ತಾರೆ, ಗ್ರೌಂಡ್ ಮರೆಯುತ್ತಾರೆ. ಈಗ ಬಾಯಿ ಬಡಿಯುವುದಿಲ್ಲ, ಚಳಿಜ್ವರ ಬಂದಂತೆ ನಡುಗುತ್ತದೆ.

ಇನ್ನೊಂದು ಲೆಕ್ಕ. ಆ ಚೌಕದ ಬ್ಯಾಟರಿಯ ಒಟ್ಟು ಸಾಮರ್ಥ್ಯ ಸುಮಾರು 500 ಮಿಲಿಆಂಪ್-ಗಂಟೆ. ಊನೋ ಏನೂ ಮಾಡದೆ ಸುಮ್ಮನೆ ಕೂತರೂ 50ರ ಹತ್ತಿರ ಮಿಲಿಆಂಪ್ ಹೀರುತ್ತದೆ. ಹತ್ತೇ ಗಂಟೆಗಳಲ್ಲಿ ಬ್ಯಾಟರಿ ಖಾಲಿ. ಕಸ ಕಡಿಮೆ ಮಾಡಲು ಹುಟ್ಟಿದ ಬುಟ್ಟಿ ದಿನಕ್ಕೊಂದು ಬ್ಯಾಟರಿಯನ್ನು ತಾನೇ ಕಸ ಮಾಡುತ್ತದೆ, ಅದೂ ಉಳಿದ ಕಸದ ಜೊತೆ ಹಾಕಬಾರದ ಕಸ.

ಸೆನ್ಸರಿನ ಕೋಡಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದ ಒಂದು ಆಸ್ತಿಯಿದೆ. ‘ದೂರ 30 ಸೆಂಮೀಗಿಂತ ಕಡಿಮೆಯಿದ್ದರೆ ತೆರೆ.’ ಪ್ರತಿಧ್ವನಿ ಬರದೆ ಸಮಯ ಮೀರಿದಾಗ ಪಲ್ಸ್‌ಇನ್ ಎಂಬ ಆದೇಶ ಕೊಡುವ ಉತ್ತರ ಸೊನ್ನೆ. ಸೊನ್ನೆ 30ಕ್ಕಿಂತ ಕಡಿಮೆ. ಆದ್ದರಿಂದ ಎದುರಿಗೆ ಯಾರೂ ಇಲ್ಲದಾಗ ಬುಟ್ಟಿ ತೆರೆದುಕೊಳ್ಳುತ್ತದೆ. ‘ದೂರ ಸೊನ್ನೆಗಿಂತ ಹೆಚ್ಚಿದ್ದು 30ಕ್ಕಿಂತ ಕಡಿಮೆಯಿದ್ದರೆ’ ಎಂದು ಬರೆದರೆ ಮುಗಿಯಿತು. ಆದರೆ ಕೋಡು ಹಿಂದಿನ ಬ್ಯಾಚಿನದು, ಅವರದು ಅದರ ಹಿಂದಿನವರದು. ಹಿರಿಯರ ಅಕ್ಷರ ತಿದ್ದುವ ಧೈರ್ಯ ಯಾರಿಗಿದೆ? ಬದಲಿಗೆ ರಿಪೋರ್ಟಿನಲ್ಲಿ ಅದು ‘ಬಳಕೆದಾರರನ್ನು ಮುಂಚಿತವಾಗಿ ಊಹಿಸುವ ಸಾಮರ್ಥ್ಯ’ವಾಗುತ್ತದೆ.

ಎರಡನೇ ರಿವ್ಯೂನಲ್ಲಿ ಗೈಡು ‘ಇದರಲ್ಲಿ ಎಐ ಎಲ್ಲಿ?’ ಎಂದು ಕೇಳಿದ ರಾತ್ರಿಯೇ ಎಐ ಬರುತ್ತದೆ. ಸಿದ್ಧವಾಗಿ ಸಿಗುವುದು ಟ್ರ್ಯಾಶ್‌ನೆಟ್ ಎಂಬ ಚಿತ್ರಸಂಗ್ರಹ. ಅದೂ ವಿದ್ಯಾರ್ಥಿಗಳ ತರಗತಿ ಪ್ರಾಜೆಕ್ಟಿನಿಂದಲೇ 2016ರಲ್ಲಿ ಹುಟ್ಟಿದ್ದು, ಮಾಡಿದವರು ಹೇಳಿಕೊಂಡಷ್ಟು ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದಾರೆ. ಒಟ್ಟು 2,527 ಚಿತ್ರ, ಆರು ಗುಂಪು: ಗಾಜು, ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಕಸ. ಎಲ್ಲವೂ ಬಿಳಿ ಹಲಗೆಯ ಮೇಲೆ ಒಂದೊಂದಾಗಿ ಒಳ್ಳೆಯ ಬೆಳಕಿನಲ್ಲಿ ಕೂತು ಫೋಟೊ ತೆಗೆಸಿಕೊಂಡಂಥವು. ಬುಟ್ಟಿಯೊಳಗೆ ಬೀಳುವ ಕಸ ಕತ್ತಲಲ್ಲಿ, ಒದ್ದೆಯಾಗಿ, ಇನ್ನೊಂದರ ಕೆಳಗೆ ಮುದ್ದೆಯಾಗಿರುತ್ತದೆ. ಅದು ಹೋಗಲಿ. ಆ 2,527ರಲ್ಲಿ ‘ಕಸ’ ಎಂಬ ಗುಂಪಿಗೆ ಸೇರಿದ್ದು 137. ಅಂದರೆ ಉಳಿದ ಐದನ್ನೂ ಸರಿಯಾಗಿ ಹೇಳಿ, ಕಸವನ್ನು ಮಾತ್ರ ಒಂದು ಸಲವೂ ಗುರುತಿಸದ ಕಸದ ಬುಟ್ಟಿಗೆ ಶೇ 94ಕ್ಕೂ ಮೀರಿದ ನಿಖರತೆ ದಕ್ಕುತ್ತದೆ. ಪೋಸ್ಟರಿನಲ್ಲಿ ಅತಿ ದಪ್ಪ ಅಕ್ಷರ ಆ ಸಂಖ್ಯೆಗೇ.

ಪೋಸ್ಟರಿನ ಉಳಿದ ಜಾಗದಲ್ಲಿ ವಿಶ್ವಸಂಸ್ಥೆಯ 17 ಸುಸ್ಥಿರ ಗುರಿಗಳ ಪೈಕಿ ಬಣ್ಣ ಹೊಂದುವ ಐದು ಚೌಕ. ಕೆಳಗೆ ತಂತ್ರಜ್ಞಾನದ ಸಿದ್ಧತೆಯ ಮಟ್ಟ. ನಾಸಾದ 9 ಮೆಟ್ಟಿಲ ಏಣಿಯಲ್ಲಿ ಬಿಡಿ ಭಾಗಗಳನ್ನು ಬೆಸುಗೆಯಿಲ್ಲದೆ ತೂತಿನ ಹಲಗೆಗೆ ಚುಚ್ಚಿದ ಬ್ರೆಡ್‌ಬೋರ್ಡ್ ರೂಪದಲ್ಲಿ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು 4ನೆಯದು; ನಿಜವಾಗಿ ಕೆಲಸ ಮಾಡಬೇಕಾದ ಪರಿಸರದಲ್ಲಿ ಮಾದರಿ ನಡೆಸಿ ತೋರಿಸುವುದು 7. ಬುಟ್ಟಿಯ ಬೆನ್ನಿಗೆ ಬ್ರೆಡ್‌ಬೋರ್ಡು ಗ್ಲೂ ಗನ್ನಿನ ಅಂಟಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಕೊಂಡಿದೆ. ಬರೆದಿರುವುದು 7.

ಪ್ರದರ್ಶನದ ಬೆಳಗ್ಗೆ ಸಾಗಾಟದಲ್ಲಿ ಒಂದು ಜಂಪರ್ ವೈರು ಕಳಚಿರುತ್ತದೆ. ನಲವತ್ತರಲ್ಲಿ ಯಾವುದೆಂದು ಗೊತ್ತಿರುವುದು ಎಲೆಕ್ಟ್ರಾನಿಕ್ಸ್‌ನವಳಿಗೆ ಮಾತ್ರ, ಅವಳು ರಾತ್ರಿಯಿಡೀ ಎದ್ದಿದ್ದು ಈಗ ಮಲಗಿದ್ದಾಳೆ. ಎಲ್‌ಸಿಡಿಯ ಮೊದಲ ಸಾಲಿನಲ್ಲಿ ಬರೀ ಕಪ್ಪು ಚೌಕಗಳು. ಕೋಡು ಆ ಪರದೆಯನ್ನು ಕರೆಯುವ ವಿಳಾಸ ಹೆಕ್ಸ್ 27 ಇರಬೇಕಾದಲ್ಲಿ 3ಎಫ್ ಇರುವ ಇನ್ನೊಂದು ಮಾದರಿಯ ಬೋರ್ಡು ಬಂದರೆ ಹೀಗಾಗುತ್ತದೆ, ಆದರೆ ಉಳಿದ ಐವರು ಅದನ್ನು ಲೋಡಿಂಗ್ ಎಂದು ನಂಬಿದ್ದಾರೆ. ಕ್ಯಾಂಪಸ್ಸಿನ ವೈಫೈ ಬ್ರೌಸರಿನಲ್ಲಿ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಬುಟ್ಟಿಗೆ ಬ್ರೌಸರ್ ಇಲ್ಲ. ಯಾರದೋ ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸುತ್ತಾರೆ, ಆ ಮೊಬೈಲಿನ ಒಡೆಯ ಊಟಕ್ಕೆ ಹೋದಾಗ ಬುಟ್ಟಿಯೂ ಇಂಟರ್ನೆಟ್ ಬಿಟ್ಟು ಹೋಗುತ್ತದೆ.

ತೀರ್ಪುಗಾರರು ಬಂದರು. ಮುಚ್ಚಳ ತೆರೆಯಿತು, ಯಾಕೆಂದು ಕೇಳಬೇಡಿ. ಕಾಗದದ ಉಂಡೆಯೊಂದು ಒಳಗೆ ಬಿತ್ತು, ಚಪ್ಪಾಳೆ ಬಿತ್ತು. ಉಂಡೆಯನ್ನು ಹೊರತೆಗೆದು ಮುಂದಿನ ತೀರ್ಪುಗಾರರಿಗೆ ಇಟ್ಟುಕೊಂಡರು. ಇಡೀ ದಿನ ಒಂದೇ ಉಂಡೆ. ಮಧ್ಯಾಹ್ನ ನೋಡಲು ಬಂದವರೊಬ್ಬರು ಕೈಯಲ್ಲಿದ್ದ ಖಾಲಿ ಲೋಟ ಹಾಕಲು ಹೋದಾಗ ಆರೂ ಜನ ಒಟ್ಟಿಗೆ ಹಾರಿ ತಡೆದರು. ಪ್ರಾಜೆಕ್ಟಿನಲ್ಲಿ ಬಹುಶಿಸ್ತೀಯ ತಂಡ ಒಂದಾಗಿ ಕೆಲಸ ಮಾಡಿದ ಗಳಿಗೆ ಅದು. ಆಮೇಲೆ ಬುಟ್ಟಿಯ ಹಣೆಗೆ ಒಂದು ಚೀಟಿ ಅಂಟಿಸಿದರು: ‘ಡೆಮೊ ಮಾದರಿ. ದಯವಿಟ್ಟು ಇದರಲ್ಲಿ ಕಸ ಹಾಕಬೇಡಿ.’

ಸಂಜೆ ಪ್ರಮಾಣಪತ್ರ ಹಿಡಿದು ಫೋಟೊ. ಪೋಸ್ಟರಿನ ಚೂರು, ಥರ್ಮಾಕೋಲ್, ಸತ್ತ ಬ್ಯಾಟರಿ, ಲೋಟ ಎಲ್ಲ ಸಭಾಂಗಣದ ಮೂಲೆಯಲ್ಲಿ ರಾಶಿ. ಬುಟ್ಟಿ ಕಪಾಟಿಗೆ ಹೋಯಿತು. ಮುಂದಿನ ಬ್ಯಾಚಿನವರು ಬಾಗಿಲು ತೆಗೆದು ಸರ್ವೊ ತಿರುಗಿಸಿ ನೋಡುತ್ತಾರೆ, ಮೂರು ಹಲ್ಲು ಮುರಿದಿವೆ. ಹೊಸದೊಂದು ತರಿಸಿ, ಶೀರ್ಷಿಕೆಗೆ ‘2.0’ ಸೇರಿಸುತ್ತಾರೆ. ಕೋಡು ಪೆನ್‌ಡ್ರೈವಿನಲ್ಲಿದೆ, 30 ಸೆಂಮೀ ಹಾಗೇ ಇದೆ. ರಟ್ಟಿನ ಮುಚ್ಚಳ ಎತ್ತಿದರೆ ತಳದಲ್ಲಿ ಹೋದ ವರ್ಷದ ಕಾಗದದ ಉಂಡೆ.