ರೋಗಕ್ಕೆ ಜಾತಿ ಇಲ್ಲವಂತೆ

ಈ ಸಲದ ದೀಪಾವಳಿಗೆ ಅಂಗಡಿ ಬಳಿಯುವ ಮುನ್ನ ಅಟ್ಟದ ಮೇಲಿನ ಸಾಮಾನು ಇಳಿಸಿದಾಗ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರುಗಳು, 2021ರ ಮೇ ತಿಂಗಳ ಮಾಲು. ಆರುನೂರು ರೂಪಾಯಿಯ ಕ್ಲಿಪ್ ಎರಡು ಸಾವಿರ ದಾಟಿದ ದಿನಗಳವು. ನಾನೂ ಮಾರಿದೆ, ಲಾಭ ಬೇಡವೆನ್ನಲಿಲ್ಲ. ಉಳಿದವೆಲ್ಲ ಪ್ಯಾಕೆಟ್ಟಿನಲ್ಲೇ ಇದ್ದವು. ಒಂದು ಮಾತ್ರ ಬಳಸಿದ್ದು, ಕೌಂಟರಿನ ಮೇಲೆ ದಾರ ಕಟ್ಟಿ ಇಟ್ಟಿದ್ದು. ಅದರ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿಕೊಂಡಿತ್ತು.

ಆ ಕ್ಲಿಪ್ಪಿಗೆ ಬೆರಳು ಕೊಟ್ಟವರಲ್ಲಿ ಒಬ್ಬರು ನನಗೆ ಇನ್ನೂ ನೆನಪಿದ್ದಾರೆ. ಕಲಘಟಗಿ ಕಡೆಯ ಸಿದ್ದಿ ಹಿರಿಯರು, ಆಫ್ರಿಕಾ ಮೂಲದ ಸಮುದಾಯದವರು. ಮಗನ ಬೈಕಿನಲ್ಲಿ ಹುಬ್ಬಳ್ಳಿಗೆ ಬಂದಿದ್ದರು. ನಾಲ್ಕು ಮಾತಾಡಿದರೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಕ್ಲಿಪ್ 95 ತೋರಿಸಿತು. 94ರ ಮೇಲಿದ್ದರೆ ಹೆದರುವುದು ಬೇಡ ಎಂದು ಆಗ ಎಲ್ಲರಿಗೂ ಬಾಯಿಪಾಠವಾಗಿತ್ತಲ್ಲ, ನಾನೂ ಅದನ್ನೇ ಒಪ್ಪಿಸಿದೆ. "ಏನೂ ಆಗಿಲ್ಲ ಅಜ್ಜಾರೆ, ಮನೆಗೆ ಹೋಗಿ ಮಲಗಿರಿ" ಎಂದೆ. ಅವರು ನನ್ನ ಮುಖವನ್ನೂ ಕ್ಲಿಪ್ಪನ್ನೂ ಒಂದೆರಡು ಸಲ ನೋಡಿ ಹೋದರು. ಮತ್ತೆ ಬರಲಿಲ್ಲ. ಬರಲೇಬೇಕೆಂದೂ ಇರಲಿಲ್ಲ, ಅವರ ಊರು ದೂರ.

ಈ ಕ್ಲಿಪ್ ಕೆಲಸ ಮಾಡುವುದು ಬೆಳಕಿನಿಂದ. ಒಂದು ಕಡೆಯಿಂದ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನೊಳಗೆ ಹಾಯಿಸುತ್ತದೆ. ಇನ್ನೊಂದು ಕಡೆಗೆ ಎಷ್ಟು ಬಂದು ತಲುಪಿತು ಎಂಬುದರ ಮೇಲೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಉಗುರಿನ ಬಣ್ಣ ಅಳಿಸಿ ಹಾಕಿಕೊಳ್ಳಿ ಎಂದು ಪ್ಯಾಕೆಟ್ಟಿನ ಚೀಟಿಯಲ್ಲೇ ಬರೆದಿರುತ್ತದೆ. ಚರ್ಮದ ಬಣ್ಣದ ಬಗ್ಗೆ ನನ್ನ ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ. ಆದರೆ ಅದಕ್ಕೆ ನಾಲ್ಕೈದು ತಿಂಗಳ ಮೊದಲೇ, 2020ರ ಡಿಸೆಂಬರಿನಲ್ಲಿ, ಅಮೆರಿಕದ ಮಿಶಿಗನ್‌ನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದ್ದರು. ಕ್ಲಿಪ್ 92ರಿಂದ 96ರವರೆಗೆ ತೋರಿಸುತ್ತಿದ್ದಾಗ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದವರು ಬಿಳಿಯರಲ್ಲಿ ಶೇ. 3.6, ಕಪ್ಪು ವರ್ಣೀಯರಲ್ಲಿ ಶೇ. 11.7. ಯಂತ್ರ ಕಪ್ಪು ಚರ್ಮದವರ ಕಷ್ಟವನ್ನು ಮೂರು ಪಟ್ಟು ಹೆಚ್ಚು ಸಲ ಮುಚ್ಚಿಟ್ಟಿತ್ತು. ಇದನ್ನು ನಾನು ಓದಿದ್ದು ವರ್ಷಗಳಾದ ಮೇಲೆ, ಮಗಳು ಫೋನಿನಲ್ಲಿ ತೋರಿಸಿದಾಗ. ಆ ರಾತ್ರಿ ಊಟ ರುಚಿಸಲಿಲ್ಲ.

ಅಲ್ಲಿಂದ ಶುರುವಾದದ್ದು ನನ್ನ ಓದು. 2020ರ ಏಪ್ರಿಲ್ ಮೊದಲ ವಾರದಲ್ಲೇ ಶಿಕಾಗೋ ನಗರದ ಲೆಕ್ಕ ಹೊರಬಿದ್ದಿತ್ತು. ಅಲ್ಲಿ ಕಪ್ಪು ವರ್ಣೀಯರು ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಕೋವಿಡ್‌ನಿಂದ ಸತ್ತವರಲ್ಲಿ ನೂರಕ್ಕೆ ಎಪ್ಪತ್ತು. ಇಡೀ ದೇಶದ ಲೆಕ್ಕ ಬಂದಾಗ ಮಾತ್ರ ಒಂದು ತೊಡಕಿತ್ತು. ಸುಮ್ಮನೆ ತಲೆ ಎಣಿಸಿದರೆ ಬಿಳಿಯರ ಸಾವೂ ಬಹಳವೇ ಕಾಣುತ್ತದೆ, ಏಕೆಂದರೆ ಅವರಲ್ಲಿ ಮುದುಕರು ಹೆಚ್ಚು. ಮಕ್ಕಳೆಲ್ಲ ಪುಣೆ, ಬೆಂಗಳೂರು ಸೇರಿ ಅಜ್ಜ ಅಜ್ಜಿಯರೇ ಉಳಿದ ನಮ್ಮ ಗದಗ ಕಡೆಯ ಹಳ್ಳಿಯನ್ನು ಧಾರವಾಡದ ವಿದ್ಯಾರ್ಥಿಗಳ ಹಾಸ್ಟೆಲಿಗೆ ಹೋಲಿಸಿ "ಹಳ್ಳಿಯಲ್ಲೇ ಸಾವು ಜಾಸ್ತಿ" ಎಂದ ಹಾಗೆ ಅದು. ಅರವತ್ತರವರನ್ನು ಅರವತ್ತರವರ ಜೊತೆ, ಮೂವತ್ತರವರನ್ನು ಮೂವತ್ತರವರ ಜೊತೆ ಇಟ್ಟು ತೂಗಿದಾಗ ನಿಜ ಹೊರಬಂದಿತು. ಕಪ್ಪು ವರ್ಣೀಯರು, ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೋಗಳು, ಮೂಲನಿವಾಸಿಗಳು ಬಿಳಿಯರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸತ್ತಿದ್ದರು.

"ಅವರ ದೇಹಪ್ರಕೃತಿಯೇ ಹಾಗಿರಬೇಕು" ಎಂದ ನನ್ನ ಗೆಳೆಯನೊಬ್ಬ. ವಾಕಿಂಗ್ ಮುಗಿಸಿ ಗಿರಮಿಟ್ ತಿನ್ನುವಾಗ ಇಂಥ ಸಿದ್ಧಾಂತಗಳು ಸುಲಭವಾಗಿ ಹುಟ್ಟುತ್ತವೆ. ದೇಹಪ್ರಕೃತಿಯಾಗಿದ್ದರೆ ವರ್ಷಕ್ಕೊಂದು ಬಗೆ ಬದಲಾಗಬಾರದಿತ್ತಲ್ಲವೇ? ಲಸಿಕೆ ಬಂದ ಮೇಲೆ, ಅದನ್ನು ಬೇಡವೆಂದ ಬಿಳಿಯರ ಸಂಖ್ಯೆ ಹೆಚ್ಚಾದ ಮೇಲೆ, 2021ರ ಕೊನೆಯ ಹೊತ್ತಿಗೆ ಬಿಳಿಯರ ಸಾವಿನ ಪ್ರಮಾಣವೇ ಕಪ್ಪು ವರ್ಣೀಯರದನ್ನು ದಾಟಿತ್ತು. ವಂಶವಾಹಿ ಎರಡು ವರ್ಷದಲ್ಲಿ ಬದಲಾಗುವ ವಸ್ತುವಲ್ಲ. ನವಾಹೋ ಮೂಲನಿವಾಸಿಗಳ ಸೀಮೆಯಲ್ಲಂತೂ ಮೂರರಲ್ಲಿ ಒಂದು ಮನೆಗೆ ನಲ್ಲಿಯೇ ಇರಲಿಲ್ಲ. ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ ಎಂದು ಅವರಿಗೂ ಹೇಳಲಾಯಿತು. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ಬಾಳಿದ ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ರಿಟನ್ನಿನ ಸರ್ಕಾರಿ ಅಂಕಿಅಂಶ ಕಚೇರಿ 2020ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಯಸ್ಸನ್ನು ಸರಿದೂಗಿಸಿದಾಗ ಕಪ್ಪು ಗಂಡಸರಿಗೆ ಸಾವಿನ ಸಂಭವ ಬಿಳಿಯರಿಗಿಂತ 4.2 ಪಟ್ಟು. ಬಡತನ, ಮನೆ, ಊರು, ಇವನ್ನೂ ಸರಿದೂಗಿಸಿದಾಗ 1.9 ಪಟ್ಟು. ಅರ್ಧಕ್ಕಿಂತ ಹೆಚ್ಚಿನದು ಕಳಚಿಬಿತ್ತು ನೋಡಿ. ಅದು ಚರ್ಮಕ್ಕೆ ಅಂಟಿದ್ದಲ್ಲ, ಬಾಳಿಗೆ ಅಂಟಿದ್ದು. ಉಳಿದ 1.9 ಕೂಡ ಕಡಿಮೆಯೇನಲ್ಲ. ಆ ದೇಶದಲ್ಲಿ ಕೋವಿಡ್‌ಗೆ ಬಲಿಯಾದ ಮೊದಲ ಹತ್ತು ವೈದ್ಯರಲ್ಲಿ ಬಿಳಿಯ ಒಬ್ಬನೂ ಇರಲಿಲ್ಲ, ಮತ್ತು ವೈದ್ಯರು ಬಡವರಲ್ಲ.

ಇಷ್ಟನ್ನು ನಮ್ಮ ವಾಕಿಂಗ್ ಬಳಗದಲ್ಲಿ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. "ಛೇ, ಎಂಥ ವರ್ಣಭೇದ!" ನಮ್ಮ ಕಡೆ ಹೇಗಿತ್ತು ಎಂದರೆ ಉತ್ತರ ಸಿದ್ಧವಿರುತ್ತದೆ: "ನಮ್ಮಲ್ಲಿ ಹಾಗಿಲ್ಲರೀ. ರೋಗಕ್ಕೆ ಜಾತಿ ಇಲ್ಲ." ಇದನ್ನು ಸ್ವತಃ ನಾನೂ ಮಾಸ್ಕ್ ಮಾರುತ್ತ ನೂರು ಸಲ ಹೇಳಿದ್ದೇನೆ. ಕೇಳಲು ಬಹಳ ಚೆನ್ನಾಗಿರುತ್ತದೆ.

ಬ್ರಿಟಿಷರು ಹಾಗೆ ಹೇಳಲಿಲ್ಲ. ನಮ್ಮ ಮೇಲಿನ ಪ್ರೀತಿಯಿಂದಲ್ಲ, ಎಣಿಸುವ ಚಟದಿಂದ. 1918ರ ಇನ್‌ಫ್ಲುಯೆಂಜಾ ಬಂದಾಗ ಮುಂಬಯಿ ನಗರದ ಸಾವುಗಳನ್ನು ಸಮುದಾಯವಾರು ಬರೆದಿಟ್ಟರು. ಸಾವಿರ ಜನಕ್ಕೆ ಯುರೋಪಿಯನ್ನರು 8.3, ಪಾರ್ಸಿಗಳು 9, ಮುಸ್ಲಿಮರು 19.2, ಮೇಲಿನ ಜಾತಿಗಳ ಹಿಂದೂಗಳು 18.9. ಕೆಳಜಾತಿಯ ಹಿಂದೂಗಳು 61.6. ಒಂದೇ ಊರು, ಒಂದೇ ಗಾಳಿ, ಅದೇ ವರ್ಷ. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಮೂರು ಪಟ್ಟಿಗಿಂತ ಹೆಚ್ಚು ಅಂತರ, ಅದೂ ಇಬ್ಬರೂ ಹಿಂದೂಗಳೇ. ಆಗ ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತ್ಯದ್ದೇ. ಈಗಿನ ಗದಗ, ಹಾವೇರಿ ಎರಡೂ ಅದರೊಳಗೇ ಇದ್ದವು. ರೋಗ ಬಂದದ್ದು ಹಡಗಿನಿಂದ ಬಂದರಿಗೆ, ಬಂದರಿನಿಂದ ರೈಲಿಗೆ. ರೈಲು ಹುಬ್ಬಳ್ಳಿಗೆ ಬರುತ್ತಲೇ ಇತ್ತು.

ನೂರು ವರ್ಷಗಳ ನಂತರದ ಲೆಕ್ಕ ಎಲ್ಲಿದೆ? 2020 ಮತ್ತು 2021ರಲ್ಲಿ ಕೋವಿಡ್ ಕಾಲದ ಹೆಚ್ಚುವರಿ ಸಾವು ಭಾರತದಲ್ಲಿ ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು, ಸರ್ಕಾರದ ಲೆಕ್ಕ ಐದು ಲಕ್ಷವನ್ನೂ ಮುಟ್ಟಿರಲಿಲ್ಲ. ಜಗಳ ಒಟ್ಟು ಎಷ್ಟು ಎಂಬುದರಲ್ಲೇ ಮುಗಿಯಿತು. ಯಾರ ಮನೆಯಲ್ಲಿ ಎಷ್ಟು ಎಂದು ಕೇಳುವ ಹಂತಕ್ಕೇ ನಾವು ಬರಲಿಲ್ಲ. 2024ರ ಜುಲೈನಲ್ಲಿ ಒಂದು ಅಧ್ಯಯನ ಬಂದಿತು. 2020ರೊಂದರಲ್ಲೇ ಸರಾಸರಿ ಆಯುಸ್ಸು ಮೇಲ್ಜಾತಿ ಹಿಂದೂಗಳಲ್ಲಿ 1.3 ವರ್ಷ, ಪರಿಶಿಷ್ಟ ಜಾತಿಗಳಲ್ಲಿ 2.7, ಪಂಗಡಗಳಲ್ಲಿ 4.1, ಮುಸ್ಲಿಮರಲ್ಲಿ 5.4 ವರ್ಷ ಕುಸಿಯಿತು ಎಂದಿತು. ಕೇಂದ್ರದ ಆರೋಗ್ಯ ಇಲಾಖೆ ಇದನ್ನು ಒಪ್ಪಲಿಲ್ಲ. ಆ ಲೆಕ್ಕ ಬಂದದ್ದು ಸಾವಿನ ದಾಖಲೆಗಳಿಂದಲ್ಲ, ಮನೆಮನೆಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ. ಅದರಲ್ಲಿ ಕರ್ನಾಟಕ ಇಲ್ಲ, ನಮ್ಮಲ್ಲಿ ಸಮೀಕ್ಷೆ ಲಾಕ್‌ಡೌನಿಗೆ ಮೊದಲೇ ಮುಗಿದಿತ್ತು. ಒಪ್ಪದವರು ತಮ್ಮ ಲೆಕ್ಕ ಮುಂದಿಡಬೇಕಿತ್ತು. ಇಡಲು ಅವರ ಬಳಿ ಏನಿದೆ?

ಈಗ ನನ್ನ ಮನೆಯ ಮಾತು. ಬರೆಯಬೇಕೋ ಬೇಡವೋ ಎಂದು ಎರಡು ದಿನ ತಡೆದೆ.

2021ರ ಮೇ ತಿಂಗಳಲ್ಲಿ ಅಪ್ಪನ ಆಮ್ಲಜನಕ 88ಕ್ಕೆ ಇಳಿಯಿತು. ರಾತ್ರಿ ಹನ್ನೊಂದು ಗಂಟೆ. ನಾನು ಮೂರು ಫೋನ್ ಮಾಡಿದೆ. ಮೊದಲನೆಯದು ಔಷಧ ಕಂಪನಿಯ ಪ್ರತಿನಿಧಿಗೆ, ಎರಡನೆಯದು ಡಾಕ್ಟರಾಗಿರುವ ಸೋದರಮಾವನ ಮಗನಿಗೆ, ಮೂರನೆಯದು ನಮ್ಮ ಸಮಾಜದ ಹಿರಿಯರೊಬ್ಬರಿಗೆ. ನಮ್ಮ ಕಡೆಯವರಲ್ಲದವರಿಗೆ ಹೇಳುತ್ತೇನೆ: ಹುಬ್ಬಳ್ಳಿಯಲ್ಲಿ ಜಾತಿಗೆ ಮರ್ಯಾದೆಯ ಹೆಸರು ಸಮಾಜ. ಮೂರನೆಯ ಫೋನಿಗೆ ಹಾಸಿಗೆ ಸಿಕ್ಕಿತು. ಅಪ್ಪ ಇವತ್ತಿಗೂ ಬೆಳಿಗ್ಗೆ ಪೇಪರ್ ಬರುವುದು ತಡವಾದರೆ ಬೈಯುತ್ತಾರೆ.

ಅದಾದ ಆರನೆಯ ದಿನ ನಮ್ಮ ಅಂಗಡಿಯ ಹುಡುಗ ಫೋನ್ ಮಾಡಿದ. ಅವನ ತಾಯಿ ಗುತ್ತಿಗೆಯ ಮೇಲೆ ಕಸ ಗುಡಿಸುವವರು. ಆ ತಿಂಗಳು ನಾವೆಲ್ಲ ಮನೆ ಬಾಗಿಲಿಗೆ ಎಸೆದ ಮಾಸ್ಕುಗಳನ್ನು ಎತ್ತಿದವರು ಅಂಥವರೇ. "ಕಾಕಾ, ಕ್ಲಿಪ್ 84 ತೋರಿಸುತ್ತಿದೆ" ಎಂದ. ಕ್ಲಿಪ್ ನಾನೇ ಕೊಟ್ಟಿದ್ದೆ. ಮೊದಲ ಫೋನ್ ಮಾಡಿದೆ, ಇಲ್ಲವೆಂದರು. ಎರಡನೆಯದನ್ನು ಮಾಡಿದೆ, ನೋಡೋಣವೆಂದರು. ಮೂರನೆಯದನ್ನು ಮಾಡಲಿಲ್ಲ. ಆ ಹಿರಿಯರು ಮೊದಲು ಕೇಳುವುದು "ನಮ್ಮವರೇನು?" ಎಂದು. ಅದಕ್ಕೆ ಉತ್ತರ ಹೇಳುವ ಮುಜುಗರ ನನಗೆ ಬೇಡವಾಗಿತ್ತು. ಕೇಳಿದ್ದರೆ ಬಹುಶಃ ಕೊಡಿಸುತ್ತಿದ್ದರೇನೋ, ಒಳ್ಳೆಯ ಮನುಷ್ಯರೇ. ಕೇಳಲಿಲ್ಲ. ಬೆಳಗಾಗುವ ಮೊದಲೇ ಆಕೆ ಮನೆಯಲ್ಲೇ ಹೋದರು. ಕೋವಿಡ್ ಪರೀಕ್ಷೆ ಆಗಿರಲಿಲ್ಲ, ಹಾಗಾಗಿ ಯಾವ ಬುಲೆಟಿನ್ನಿನಲ್ಲೂ ಆ ಸಾವು ಇಲ್ಲ.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಹುಡುಗ ಫಾರಂ ತಂದು ಕೌಂಟರಿನ ಮೇಲಿಟ್ಟ, ನಾನು ಬರೆಯಲು ಕುಳಿತೆ. ಹೆಸರು, ವಿಳಾಸ, ವಯಸ್ಸು. ಧರ್ಮ: ಹಿಂದೂ, ಟಿಕ್. ಜಾತಿಯ ಕಾಲಂ ಇರುವುದಿಲ್ಲ. ಮುಂದಿನ ಜನಗಣತಿಯಲ್ಲಿ ಜಾತಿ ಎಣಿಸುತ್ತಾರೆಂದು ತೀರ್ಮಾನವಾಗಿದೆ, ಆದರೆ ಅದು ಬದುಕಿರುವವರದ್ದು. ಉದ್ಯೋಗ ಎಂಬಲ್ಲಿ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದೆ. "ಕೂಲಿ ಎಂದು ಬರೆಯಿರಿ ಕಾಕಾ, ಕಸದ ಕೆಲಸ ಎಂದು ಬೇಡ" ಎಂದ. ಕೂಲಿ ಎಂದು ಬರೆದೆ. ಕಾರಣವನ್ನು ವೈದ್ಯರು ದೃಢೀಕರಿಸಿದ್ದಾರೆಯೇ? ಇಲ್ಲ. ಧೂಮಪಾನದ ಅಭ್ಯಾಸವಿತ್ತೇ? ಇಲ್ಲ. ತಂಬಾಕು ಜಗಿಯುತ್ತಿದ್ದರೇ? ಇಲ್ಲ. ಮದ್ಯಪಾನ? ಇಲ್ಲ.

ಅಡಿಕೆ ಜಗಿಯುತ್ತಿದ್ದರೆ ಎಷ್ಟು ವರ್ಷಗಳಿಂದ ಎಂದು ಒಂದು ಪ್ರಶ್ನೆ ಇತ್ತು. ಹುಡುಗ ಬೆರಳು ಮಡಚಿ ಎಣಿಸಿದ, ಬಿಟ್ಟ, ಮತ್ತೆ ಎಣಿಸಿದ. "ನಾನು ಹುಟ್ಟುವ ಮೊದಲಿನಿಂದ ಎಂದು ಹೇಳುತ್ತಿದ್ದಳು" ಎಂದ. ಅವನಿಗಾಗ ಇಪ್ಪತ್ತೆರಡು. ನಾನು 25 ಎಂದು ಬರೆದೆ.